ಚಾವಿ ಕಾಟಮ್ಮನ ಕೈಯಲ್ಲಿತ್ತು

ಅನುಪಮಾಳ ಎಡಗೈ ಮುರಿದ ದಿನ ಅವಳ ಅತ್ತೆ ಕಾಟಮ್ಮ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿಕೊಂಡು ನಿಂತಿದ್ದಳು. ಜಾರಿನಲ್ಲಿ ಏನೂ ಇರಲಿಲ್ಲ. ಮಗ ನರಸಿಂಹರಾಜು ಹೆಂಡತಿಗೆ ಹೊಡೆದಾಗಲೆಲ್ಲ ಕೂಗು ಕೇಳಬಾರದೆಂದು ಅವಳು ಮಾಡುತ್ತಿದ್ದುದು ಇಷ್ಟೇ. ಮೂರು ವರ್ಷ ಹೀಗೆ ಕಿವುಡಿಯಾಗಿರುವುದೆಂದರೆ ಸಾಮಾನ್ಯವೇ? ಎದೆ ಕಲ್ಲಾಗಿರಬೇಕು.

ಸೊಸೆ ಕೊರಟಗೆರೆಯ ತವರು ಸೇರಿಕೊಂಡಳು. ಇವತ್ತು ಅವಳನ್ನು ಎಳೆದು ತರಲು ಮಗ ಹೊರಟಿದ್ದ. ಬರದಿದ್ದರೆ ಅಲ್ಲೇ ಕಡಿಯುತ್ತೇನೆಂದು ಕಾರಿನ ಹಿಂದಿನ ಸೀಟಿಗೆ ಮಚ್ಚು ಎಸೆದಿದ್ದ. ಮಿಡಿಗೇಶಿ ದಾಟುವ ಮೊದಲೇ ಮಳೆ ಹೊಡೆದು, ವೈಪರ್ ಕೈಕೊಟ್ಟು, ದಾರಿ ಕಾಣದೆ ಮನೆಗೆ ವಾಪಸು ಬಂದ. ಈಗ ಅಂಗಳದ ತಗಡಿನಡಿ ಬಾನೆಟ್ ಎತ್ತಿ, ಗಾಜಿನ ಬುಡದ ಜಾಲರಿ ಕಿತ್ತೆಸೆದು, ವೈಪರ್ ಆಡಿಸುವ ಕಬ್ಬಿಣದ ಸರಳುಗಳ ನಡುವೆ ಕೈ ತೂರಿಸಿದ್ದ. ಕಾಟಮ್ಮನನ್ನು ಸ್ಟಿಯರಿಂಗ್ ಮುಂದೆ ಕೂರಿಸಿದ್ದ.

"ಬ್ಯಾಟ್ರಿ ವೈರು ಕಿತ್ತಾಕಿ ಮಾಡೋ. ಕೈ ಸಿಕ್ಕೊಂಡ್ರೆ?"

"ಕಿತ್ತಾಕಿದ್ರೆ ಓಡ್ತದೋ ಇಲ್ವೋ ನೋಡೋದೆಂಗೆ? ವೈಪರ್ ಹಾಕು ಅಂದ್ರೆ ಹಾಕು, ನಿಲ್ಸು ಅಂದ್ರೆ ಚಾವಿ ಹಿಂದಕ್ ತಿರುವು. ಬಾಯ್ ಮುಚ್ಕಂಡು ಅಷ್ಟ್ ಮಾಡು."

ಮೊದಲ ಸಲ ಅವಳು ತಡ ಮಾಡಿದಳು. ಮಗ ಬಂದು ಕೆನ್ನೆಗೆ ಬಾರಿಸಿದ. ಎರಡನೇ ಸಲ ಸರಳು ಅರ್ಧ ಸುತ್ತಿಗೇ ಕಳಚಿಕೊಂಡಿತು. ಅದನ್ನು ಹಿಂದಕ್ಕೆ ನೂಕಿ ನೂಕಿ ಸೋತು ಬೈದ, "ದರಿದ್ರದ್ ಮೋಟ್ರು, ಎಲ್ಲಿ ನಿಲ್ತದೋ ಅಲ್ಲೇ! ಕೈಯಲ್ಲಿ ನೂಕಿದ್ರೆ ಒಂದಿಂಚೂ ಅಲ್ಲಾಡಕಿಲ್ಲ."

ಕೊನೆಗೆ ಸರಳು ಟಕ್ಕೆಂದು ಕೂತಿತು. ಅವನು ಕೈ ಒಳಗಿಟ್ಟೇ ನಟ್ಟು ತಿರುಗಿಸುತ್ತ ನಕ್ಕ.

"ಒಂದ್ ಗಂಟೇಲಿ ಕೊರಟಗೆರೆ ಕಣವ್ವ. ಇನ್ನೊಂದ್ ಕೈಯೂ ಇರಕಿಲ್ಲ ಅವ್ಳಿಗೆ."

ಹಾಕು ಎಂದು ಅವನಿನ್ನೂ ಹೇಳಿರಲಿಲ್ಲ. ಕಾಟಮ್ಮ ಹಾಕಿದಳು.

ವೈಪರ್ ಕಡ್ಡಿಗಳು ಗಾಜಿನ ಮೇಲೆ ಅರ್ಧ ಏರಿ ತಡೆದು ನಿಂತವು. ಬೆರಳ ಮೂಳೆ ಪುಡಿಯಾದ ಸದ್ದು ಸೀಟಿನವರೆಗೂ ಬಂತು. ಅವಳು ಚಾವಿ ಕಿತ್ತುಕೊಂಡಳು. ಮೋಟಾರು ನಿಂತಲ್ಲೇ ನಿಂತಿತು, ಅವನ ಕೈಯೂ.

"ಅವ್ವಾ! ಚಾವಿ ಹಾಕಿ ತಿರುವವ್ವಾ, ಸರಳು ಸರಿದ್ರೆ ಕೈ ಬತ್ತದೆ! ಸಾಯ್ತೀನಿ ಕಣವ್ವಾ!"

ಇಲ್ಲಿ ಮಿಕ್ಸಿ ಇರಲಿಲ್ಲ. ಪ್ರತಿಯೊಂದು ಕೂಗೂ ಕೇಳಿತು. ಹಿಂದಿನ ಸೀಟಿನ ಮಚ್ಚು ಹಿಡಿದು ಇಳಿದಳು. ಅದನ್ನು ಕಂಡ ಮಗ ಇನ್ನೊಂದು ಕೈಯಿಂದ ಮುಖ ಮುಚ್ಚಿಕೊಂಡ, ಅನುಪಮಾ ಮುಚ್ಚಿಕೊಳ್ಳುತ್ತಿದ್ದ ಹಾಗೆಯೇ.

ಕಾಟಮ್ಮ ಮಚ್ಚನ್ನು ನೀರಿನ ಸಂಪಿಗೆ ಎಸೆದಳು. ಫೋನು ತೆಗೆದು ಮೊದಲು ಪೊಲೀಸರಿಗೆ ಹೇಳಿದಳು, ಆಂಬುಲೆನ್ಸೂ ಬೇಕೆಂದಳು.

"ಅವ್ರು ಬಂದ್ಮೇಲೆ ತಿರುವ್ತೀನಿ. ಅಲ್ಲೀಗಂಟ ತಡ್ಕೋ."

ಆಮೇಲೆ ಸೊಸೆಗೆ ಫೋನು ಮಾಡಿದಳು. ಆ ಕಡೆ ಹಲೋ ಎಂದದ್ದೇ ತಡ, ಇಷ್ಟು ದಿನ ಒಮ್ಮೆಯೂ ಕೇಳದ್ದನ್ನು ಕೇಳಿದಳು:

"ಕೈ ಹೆಂಗೈತವ್ವಾ?"