ಎಂಟನೆಯ ಪ್ರಶ್ನೆ

"ಇದನ್ನ ಅವರೇ ತುಂಬಬೇಕು. ಮನೆಯವರು ತುಂಬೋ ಹಾಗಿಲ್ಲ," ಎಂದು ಕೌಂಟರಿನ ಹೆಂಗಸು ಹಾಳೆಯನ್ನು ಮುಂದೆ ಸರಿಸಿದಳು. ಹಾಳೆ ಅಪ್ಪನ ಪಕ್ಕ ನಿಂತಿದ್ದ ಮಗಳ ಬೆರಳ ತುದಿಗೆ ತಾಗಿ ನಿಂತಿತು. ಆಮೇಲೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆ ಮೌನ ಅವಳಿಗೆ ಹಳೆಯ ಪರಿಚಯ. ಎದುರಿನವರು ಬಿಳಿ ಕೋಲನ್ನು ಗಮನಿಸುವ ಹೊತ್ತು ಅದು.

"ಅಯ್ಯೋ, ಗೊತ್ತಾಗ್ಲಿಲ್ಲ ಕಣಮ್ಮ. ಸರ್, ಹಾಗಾದ್ರೆ ನೀವೇ ಓದಿ ಹೇಳಿ, ಅವರು ಹೇಳಿದ್ದಕ್ಕೆ ಗುರುತು ಹಾಕಿ. ಹತ್ತು ಪ್ರಶ್ನೆ. ಒಂದೊಂದಕ್ಕೂ ನಾಲ್ಕು ಮನೆ. ಮೊದಲನೇ ಮನೆ ಅಂದ್ರೆ ಒಂದು ದಿನವೂ ಇಲ್ಲ ಅಂತ, ನಾಲ್ಕನೇದು ಅಂದ್ರೆ ದಿನಾ ಅಂತ. ಡಾಕ್ಟರಮ್ಮ ಕರೆಯೋದ್ರೊಳಗೆ ಮುಗಿಸಿಬಿಡಿ."

"ಓದೋದು ತಾನೇ, ಅದು ನನ್ನ ಹೊಟ್ಟೆಪಾಡೇ ಬಿಡಿ," ಎಂದ ಅಪ್ಪ.

ಅದು ನಿಜವೇ. ಇಪ್ಪತ್ತಾರು ವರ್ಷದಿಂದ ಅವನು ಒಂದು ಮುದ್ರಣಾಲಯದಲ್ಲಿ ಓದುತ್ತಿದ್ದ. ಬರೆದವರ ಮೂಲಪ್ರತಿಯನ್ನು ಅವನು ಗಟ್ಟಿಯಾಗಿ ಓದಬೇಕು, ಎದುರು ಕೂತವನು ಕರಡಚ್ಚಿನ ಮೇಲೆ ಕಣ್ಣಿಟ್ಟು ತಿದ್ದಬೇಕು. ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆ, ವಾಕ್ಯದ ಕೊನೆಗೆ ಚುಕ್ಕಿ, ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ಮಗಳು ಚಿಕ್ಕವಳಿದ್ದಾಗ ಶಾಲೆಯ ಪಾಠಗಳನ್ನೂ ಅವನು ಹಾಗೆಯೇ ಓದಿಬಿಡುತ್ತಿದ್ದ. ಅವಳು ಅದನ್ನೇ ಕಲಿತು, ಊಟಕ್ಕೆ ಕರೆದರೆ "ಹಸಿವಿಲ್ಲ ಚುಕ್ಕಿ" ಎನ್ನುತ್ತಿದ್ದಳು. ಅವಳಿಗೆ ಚುಕ್ಕಿ ಎಂಬ ಹೆಸರು ಅಂಟಿಕೊಂಡದ್ದು ಹಾಗೆ. ಹತ್ತೊಂಬತ್ತಾದರೂ ಬಿಟ್ಟುಹೋಗಿರಲಿಲ್ಲ.

ಬೆಂಚಿನ ಮೇಲೆ ಆಗಲೇ ಒಬ್ಬ ಅಜ್ಜಿ ಕೂತಿದ್ದಳು. ಇವರು ಕೂತ ಮೇಲೆ ಒಂದಿಷ್ಟು ಸರಿದು, ತಡೆಯಲಾರದೆ ಕೇಳಿದಳು: "ಹುಟ್ಟಿದಾಗಿಂದ್ಲೂ ಹೀಗೇನಾ?"

"ಇಲ್ಲ ಅಜ್ಜಿ, ಇವತ್ತು ಬೆಳಿಗ್ಗೆಯಿಂದ," ಎಂದಳು ಚುಕ್ಕಿ.

ಅಪ್ಪ ಕೆಮ್ಮಿದ. ನಗುವನ್ನು ನುಂಗಿದ ಕೆಮ್ಮು. ಅಜ್ಜಿ, "ಬಾಯೇನೋ ಜೋರಾಗಿದೆ," ಎಂದು ಗೊಣಗಿ ಎದ್ದುಹೋಗಿ ಕಿಟಕಿಯ ಪಕ್ಕದ ಕುರ್ಚಿ ಹಿಡಿದಳು. ಚುಕ್ಕಿ ಹೀಗೆ ಬಾಯಿ ಮಾಡಿ ಎಷ್ಟು ದಿನವಾಗಿತ್ತೋ. ಅಪ್ಪ ಅವಳ ಮೊಣಕೈಯನ್ನು ಮೆಲ್ಲಗೆ ಒತ್ತಿದ. ನೋಡು, ನಿನಗೇನೂ ಆಗಿಲ್ಲ ಎನ್ನುವ ಹಾಗಿತ್ತು ಆ ಒತ್ತು.

ಐದು ವಾರದಿಂದ ಅವಳು ಕಾಲೇಜಿಗೆ ಹೋಗಿರಲಿಲ್ಲ. ವಿಶೇಷ ಶಾಲೆಯ ಗೆಳತಿಯರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಚದುರಿದ್ದರು. ಕಾಲೇಜಿನಲ್ಲಿ ಕೈಹಿಡಿದು ರಸ್ತೆ ದಾಟಿಸುವವರು ಬೇಕಾದಷ್ಟು ಮಂದಿ ಸಿಕ್ಕಿದರು. ದಾಟಿದ ಮೇಲೆ ಜೊತೆಗೆ ನಿಲ್ಲುವವರು ಸಿಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿಯ ಮುಚ್ಚಳ ತೆಗೆದು, ಸುತ್ತಲಿನ ಮಾತನ್ನೆಲ್ಲ ಕೇಳಿ, ತಿನ್ನದೆ ಮುಚ್ಚಿಟ್ಟು ಬರುತ್ತಿದ್ದಳು. ಈಗ ಮನೆಯ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಕೂರುವುದೇ ಹೆಚ್ಚು. ನೀರಿನ ಸದ್ದಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಏನೂ ಸಿಗದೆ, ಮನೆಯ ಹತ್ತಿರದ ಡಾಕ್ಟರು ಈ ಮನೋವೈದ್ಯರ ವಿಳಾಸ ಬರೆದುಕೊಟ್ಟಿದ್ದರು. ಅಮ್ಮ ಚಿಕ್ಕಮ್ಮನ ಹತ್ತಿರ ಫೋನಿನಲ್ಲಿ, "ಮೊದಲೇ ಒಂದು ಕೊರತೆ. ಈಗ ಮನಸ್ಸಿಗೂ ಬಂತು ಅಂದ್ರೆ ಯಾರ ಮುಂದೆ ಹೇಳೋಣ," ಎಂದದ್ದು ಗೋಡೆಯಾಚೆಗೆ ಕೇಳಿಸಿತ್ತು. ಗೋಡೆಗಳು ಕಣ್ಣಿರುವವರಿಗೆ ಮಾತ್ರ ದಪ್ಪ.

ಇಲ್ಲಿ ಏನೇನು ಕೇಳುತ್ತಾರೆಂದು ಹೊದಿಕೆಯೊಳಗೆ ಫೋನನ್ನು ಕಿವಿಗಿಟ್ಟು, ಅದು ಓದಿ ಹೇಳಿದ್ದನ್ನು ಕೇಳಿ ತಿಳಿದುಕೊಂಡಿದ್ದಳು. ಬಹುತೇಕ ಎಲ್ಲದಕ್ಕೂ ಇಲ್ಲ ಎನ್ನುವುದು. ಅಪ್ಪನ ಎದುರಿಗೆ ಬೇರೆ ಏನು ಹೇಳಲಾದೀತು. ಆದರೆ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಅದನ್ನು ಯಾರಾದರೂ ನೇರವಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದು ಬಸ್ಸಿನಲ್ಲಿ ಕೂತು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು.

ಅಪ್ಪ ತಗ್ಗಿದ ದನಿಯಲ್ಲಿ ಶುರುಮಾಡಿದ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದೆಯೇ. "ಇಲ್ಲ." ಪೆನ್ಸಿಲ್ ಚಿಕ್ಕದಾಗಿ ಗೀಚಿತು. ನಿದ್ದೆ ಬರುವುದು ಕಷ್ಟವಾಗಿದೆಯೇ. "ಇಲ್ಲ." ಗೀಚು. ಅವಳು ಹೆಬ್ಬೆರಳನ್ನು ಬೆರಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಸುತ್ತ ಪ್ರಶ್ನೆಗಳನ್ನು ಎಣಿಸಿದಳು. ಸುಸ್ತು. ಹಸಿವು. ನಾನು ಯಾರಿಗೂ ಬೇಡ ಎಂಬ ಭಾವನೆ. ಅದನ್ನು ಓದುವಾಗ ಅಪ್ಪ ಸ್ವಲ್ಪ ಬೇಗ ಓದಿದ. ಅವಳೂ ಬೇಗ "ಇಲ್ಲ" ಎಂದಳು.

ಏಳು ಆಯಿತು. ಅಪ್ಪ ಉಸಿರು ಎಳೆದುಕೊಂಡ.

ಆ ಉಸಿರನ್ನು ಅವಳು ಮಾತು ಕಲಿಯುವ ಮೊದಲೇ ಕಲಿತಿದ್ದಳು. ಬೆಳಗಿನ ಜಾವ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನು ದೇವರ ಪದ್ಯಗಳನ್ನು ಹೇಳುತ್ತಿದ್ದ. ಬೆನ್ನಿಗೆ ತಾಗುವ ಎದೆ ಎಷ್ಟು ಉಬ್ಬಿತು ಎನ್ನುವುದರಿಂದಲೇ ಬರುವ ಸಾಲು ಎಷ್ಟು ಉದ್ದ ಎಂದು ಅವಳಿಗೆ ತಿಳಿಯುತ್ತಿತ್ತು. ಈಗ ಎಳೆದದ್ದು ಉದ್ದ ಸಾಲಿನ ಉಸಿರು. ಸಾಲು ಮಾತ್ರ ಬರಲಿಲ್ಲ. ಉಸಿರು ಹಾಗೆಯೇ ಮೂಗಿನಿಂದ ಹೊರಗೆ ಹೋಯಿತು. ಪೆನ್ಸಿಲ್ ಗೀಚಿತು. ಆಮೇಲೆ ಅಪ್ಪ, "ಓದುವಾಗ, ಕೆಲಸ ಮಾಡುವಾಗ ಗಮನ ನಿಲ್ಲಿಸುವುದು ಕಷ್ಟವಾಗಿದೆಯೇ," ಎಂದ.

"ಇಲ್ಲ," ಎಂದಳು. ಕೊನೆಯದಕ್ಕೂ ಇಲ್ಲ.

"ಮುಗೀತು ನೋಡು. ಸುಮ್ಮನೆ ಹೆದರಿಸ್ತಾರೆ," ಎಂದು ಅಪ್ಪ ಹಾಳೆ ಮಡಿಸಿದ.

ಅವಳ ಹೆಬ್ಬೆರಳು ಒಂಬತ್ತನೆಯ ಗೆಣ್ಣಿನ ಮೇಲಿತ್ತು. ಗೀಚಿದ ಸದ್ದು ಹತ್ತು. ಸುಮ್ಮನಿದ್ದರೆ ಎಲ್ಲ ಸುಲಭ. ಡಾಕ್ಟರಮ್ಮ ಹತ್ತೂ ಇಲ್ಲಗಳನ್ನು ನೋಡುತ್ತಾರೆ, ಚೆನ್ನಾಗಿ ಊಟ ಮಾಡು ಎನ್ನುತ್ತಾರೆ, ಅದೇ ಬಸ್ಸು, ಅದೇ ಬಚ್ಚಲು, ಅದೇ ನಲ್ಲಿ. ಇನ್ನೊಂದು ಸಲ ಇಲ್ಲಿಗೆ ಬಾ ಎಂದು ಯಾರೂ ಕರೆಯುವುದಿಲ್ಲ. ಇಷ್ಟು ದಿನ ಜೋಪಾನವಾಗಿಟ್ಟುಕೊಂಡಿದ್ದ ಒಂದೇ ಒಂದು ಉತ್ತರ ಬಾಯೊಳಗೇ ಉಳಿದುಹೋಗುತ್ತದೆ.

"ಅಪ್ಪ."

"ಹೂಂ."

"ಒಂದು ಸಾಲು ಬಿಟ್ಟೆ."

"ಇಲ್ವಲ್ಲ."

"ಎಂಟನೇದು. ಗುರುತು ಹಾಕಿದ್ದು ಕೇಳಿಸ್ತು. ಓದಿದ್ದು ಕೇಳಿಸ್ಲಿಲ್ಲ."

ಕಿಟಕಿಯ ಬಳಿ ಅಜ್ಜಿಯ ಕುರ್ಚಿ ಕಿರುಗುಟ್ಟಿತು. ಅಪ್ಪ ಇನ್ನಷ್ಟು ತಗ್ಗಿದ ದನಿಯಲ್ಲಿ, "ಅದು ನಿನಗೆ ಸಂಬಂಧಪಟ್ಟಿದ್ದಲ್ಲ ಕಣೆ. ಕೆಟ್ಟ ಮಾತು. ನಾನೇ ಇಲ್ಲ ಅಂತ ಹಾಕಿದೆ," ಎಂದ.

"ಸಂಬಂಧ ಇದೆಯೋ ಇಲ್ವೋ ನೋಡೋದು ಓದೋನ ಕೆಲಸ ಅಲ್ಲ, ಇದ್ದದ್ದು ಇದ್ದ ಹಾಗೆ ಓದಬೇಕು ಅಂತ ನೀನೇ ಹೇಳ್ತಿದ್ದೆ."

ಅಪ್ಪ ಒಂದು ಸಾಲು ಬಿಟ್ಟದ್ದರಿಂದ ಹಿಂದೊಮ್ಮೆ ಒಂದು ಇಡೀ ಪುಸ್ತಕ ತಪ್ಪಾಗಿ ಅಚ್ಚಾಗಿ, ಅವನು ಎರಡು ದಿನ ಸರಿಯಾಗಿ ಉಣ್ಣದೆ ಇದ್ದದ್ದು ಅವಳಿಗೆ ನೆನಪಿತ್ತು. ಹಾಳೆ ಬಿಚ್ಚಿಕೊಂಡ ಸದ್ದಾಯಿತು.

"ಬದುಕಿರುವುದಕ್ಕಿಂತ," ಎಂದ ಅಪ್ಪ. ಅದು ಮನೆಯ ದನಿಯಲ್ಲ, ಪ್ರೆಸ್ಸಿನ ದನಿ. ಏರಿಲ್ಲ, ಇಳಿವಿಲ್ಲ. "ಅಲ್ಪವಿರಾಮ. ಇಲ್ಲದಿರುವುದೇ ಮೇಲು ಎಂದು. ನಿಮಗೆ ಎಷ್ಟು ದಿನ ಅನ್ನಿಸಿದೆ. ಪ್ರಶ್ನಾರ್ಥಕ ಚಿಹ್ನೆ."

ಅವಳು ಕೋಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ನಾಲ್ಕನೇ ಮನೆ, ಅಪ್ಪ."

ಪೆನ್ಸಿಲ್ ಗೀಚಲಿಲ್ಲ. ಒಳಗೆಲ್ಲೋ ಫೋನು ಹೊಡೆದುಕೊಂಡು ನಿಂತಿತು. ಕೌಂಟರಿನ ಹೆಂಗಸು, "ಸರ್, ಆಯ್ತಾ? ಡಾಕ್ಟರಮ್ಮ ಕರೀತಿದಾರೆ," ಎಂದಳು.

"ಆಗಿಲ್ಲಮ್ಮ," ಎಂದ ಅಪ್ಪ. ಇನ್ನೊಮ್ಮೆ ಹೇಳಿದ: "ಇನ್ನೂ ಆಗಿಲ್ಲ. ಸ್ವಲ್ಪ ತಡೀಬೇಕು."

ಆಮೇಲೆ ಅವಳಿಗೆ ಆ ಸದ್ದು ಕೇಳಿಸಿತು. ಅಂಗಿಯ ಜೇಬಿನಲ್ಲಿ ಅವನು ಯಾವಾಗಲೂ ಇಟ್ಟುಕೊಳ್ಳುವ ರಬ್ಬರು. ಒಂದು ಕಡೆ ಉಜ್ಜಿತು, ನಿಂತಿತು. ಅಲ್ಲಿಂದ ಮೇಲಕ್ಕೆ ಹೋಯಿತು. ಇನ್ನೂ ಮೇಲಕ್ಕೆ. ಹಾಳೆಯ ತಲೆಯವರೆಗೂ ಹೋಗಿ, ಮತ್ತೆ ಕೆಳಗಿನ ಎರಡಕ್ಕೆ ಬಂತು. ಅಪ್ಪ ಊದಿದ. ರಬ್ಬರಿನ ಪುಡಿ ಅವಳ ಮುಂಗೈ ಮೇಲೆ ಬಿತ್ತು.

"ನಾನೇ ಓದ್ಲಾ? ಇಲ್ಲಾ ಒಳಗೆ ಅವರ ಹತ್ರ ಓದಿಸ್ಕೊಳ್ತೀಯಾ?"

"ನೀನೇ ಓದು."

"ಮೊದಲಿಂದ," ಎಂದ ಅಪ್ಪ, ಮತ್ತು ಉಸಿರು ಎಳೆದುಕೊಂಡ. ಅವಳು ಮುಂಗೈ ಒದರದೆ, ಆ ಉಸಿರು ಎಷ್ಟು ಉದ್ದವಿದೆ ಎಂದು ಕೇಳಿಸಿಕೊಳ್ಳುತ್ತ ಕೂತಳು.