ಟೋಪಿ ನಟ್ಟಿನೊಳಗಿನ ಊರು

ಆ ಊರಿನ ಗ್ರಂಥಾಲಯದಲ್ಲಿ ಒಂದು ದಪ್ಪ ಪುಸ್ತಕವಿತ್ತು. ಬೆನ್ನ ಮೇಲೆ ‘ಚರಂಡಿ ಕೊಳವೆಗಳ ವಾರ್ಷಿಕ ವರದಿ, ಭಾಗ ಮೂರು’ ಎಂದು ಚಿನ್ನದ ಬಣ್ಣದ ಅಕ್ಷರ. ಗ್ರಂಥಪಾಲಕಿ ಆರು ವರ್ಷ ತನ್ನ ಕೈಯಾರೆ ಅದರ ಧೂಳು ಒರೆಸಿದಳು. ಒಂದು ದಿನವೂ ತೆರೆದು ನೋಡಲಿಲ್ಲ. ಭಾಗ ಒಂದು, ಎರಡು ಎಲ್ಲಿ ಹೋದವು ಎಂದೂ ಯಾರೂ ಕೇಳಲಿಲ್ಲ. ಕೊನೆಗೊಂದು ದಿನ ಊರಿನ ಟಪಾಲು ಹಂಚುವ ಅಂಚೆಯಕ್ಕ ಫೋನು ಹಿಡಿದುಕೊಂಡು ಬಂದು ಅದನ್ನೇ ಎಳೆದು ತೆರೆದರೆ, ಹಾಳೆಯೇ ಇಲ್ಲ! ಮರ ಕೊರೆದು ಮಾಡಿದ ಗೂಡು, ಗೂಡಿನಲ್ಲೊಂದು ಡಬ್ಬಿ, ಡಬ್ಬಿಯಲ್ಲೊಂದು ಚೀಟಿ. ಗ್ರಂಥಪಾಲಕಿಗೆ ಅವತ್ತು ಊಟ ಸೇರಲಿಲ್ಲವಂತೆ.

ಇಟ್ಟವನು ತಿರುಪು ಮಾವ. ಹೊಳೆದಂಡೆಯ ಬೀದಿಯಲ್ಲಿ, ಕೆಂಪು ಬಾಗಿಲಿನ ಲೇತ್ ವರ್ಕ್‌ಶಾಪು ಅವನದು. ಕಬ್ಬಿಣದ ಸರಳು ಕೊಟ್ಟರೆ ತಿರುಗಿಸಿ, ಕೊರೆದು, ಬೋಲ್ಟು ಮಾಡಿಕೊಡುತ್ತಿದ್ದ. ವಯಸ್ಸಾದ ಮೇಲೆ ಯಂತ್ರವನ್ನು ಅಕ್ಕನ ಮಗಳ ಕೈಗೆ ಕೊಟ್ಟು, ತಾನು ಈ ಡಬ್ಬಿ ಆಟಕ್ಕೆ ಬಿದ್ದ. ದೊಡ್ಡ ಊರುಗಳಲ್ಲಿ ಇದಕ್ಕೆ ಜಿಯೋಕ್ಯಾಶ್ ಅನ್ನುತ್ತಾರೆ. ಆಟ ಇಷ್ಟೇ: ಒಬ್ಬರು ಡಬ್ಬಿ ಬಚ್ಚಿಟ್ಟು, ಜಾಗದ ಗುರುತನ್ನು ಫೋನಿನ ನಕ್ಷೆಗೆ ಹಾಕುತ್ತಾರೆ. ಉಳಿದವರು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರುತ್ತಾರೆ. ಫೋನು ಹತ್ತು ಹೆಜ್ಜೆ ಹತ್ತಿರದವರೆಗೆ ಕೈಹಿಡಿದು ಕರೆದೊಯ್ಯುತ್ತದೆ. ಆಮೇಲಿನ ಹತ್ತು ಹೆಜ್ಜೆಯಲ್ಲಿ ಮನುಷ್ಯ ಕೋತಿಯಾಗುತ್ತಾನೆ.

ತಿರುಪು ಮಾವನಷ್ಟು ಕೋತಿಗಳನ್ನು ಕುಣಿಸಿದವರು ಇನ್ನೊಬ್ಬರಿಲ್ಲ. ಉದ್ಯಾನದ ಗೋಡೆಗೆ ಒಂದು ನಲ್ಲಿ ಹಾಕಿದ. ಹಿಂದೆ ಪೈಪೇ ಇಲ್ಲ. ಬಾಯಾರಿದವರೆಲ್ಲ ತಿರುಗಿಸಿ, ನೀರಿಲ್ಲವೆಂದು ಬೈದುಕೊಂಡು ಹೋಗುತ್ತಿದ್ದರು. ಏಳು ಸುತ್ತು ತಿರುಗಿಸಿದವರಿಗೆ ಮಾತ್ರ ಡಬ್ಬಿ ಬೊಗಸೆಗೆ ಬೀಳುತ್ತಿತ್ತು. ಬಸ್ ನಿಲ್ದಾಣದ ಹಿಂದೆ ನೆಲಕ್ಕೊಂದು ಕೊಳವೆ ಹುಗಿದ. ಬಾಟಲಿ ನೀರು ಸುರಿದರೆ ಡಬ್ಬಿ ತೇಲಿಕೊಂಡು ಮೇಲೆ ಬರುತ್ತಿತ್ತು. ಹರಟೆಗೆ ಬಂದವರ ಮುಂದೆ, “ಒಂದು ಸಲ ಹಕ್ಕಿಗೂಡಲ್ಲಿಟ್ಟೆ. ಹಕ್ಕಿ ಡಬ್ಬಿ ಮೇಲೇ ಮೊಟ್ಟೆ ಇಟ್ಬಿಡ್ತು. ಮರಿಗಳು ರೆಕ್ಕೆ ಬಂದು ಹೋಗೋವರೆಗೂ ಜನ ಮರದ ಕೆಳಗೆ ಕಾಯ್ತಾ ಕೂತಿದ್ರು. ಅದ್ರಲ್ಲಿಬ್ರು ಮದುವೇನೂ ಆದ್ರು” ಎನ್ನುತ್ತಿದ್ದ. ಇದರಲ್ಲಿ ಎಷ್ಟು ನಿಜ, ಎಷ್ಟು ಮಸಾಲೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ತೊಂದರೆಯಾದದ್ದು ಕೊನೆಯ ಡಬ್ಬಿಯಿಂದ. ಮೂರು ವರ್ಷದ ಹಿಂದೆ ಮಾವ ಹೊಳೆಯ ಮೇಲಿನ ಕಾಲುಸೇತುವೆಗೆ ಗುರುತು ಹಾಕಿ, ‘ಯಾರೋ ಬೇಡವೆಂದು ಬಿಸಾಕಿದ್ದರೊಳಗೆ ಇಟ್ಟಿದ್ದೇನೆ. ಇದರಷ್ಟು ದೊಡ್ಡದನ್ನು ನಾನು ಯಾವತ್ತೂ ಬಚ್ಚಿಟ್ಟಿಲ್ಲ’ ಎಂದು ಸುಳಿವು ಬರೆದ. ಊರೆಲ್ಲ ಸೇತುವೆಗೆ ಮುಗಿಬಿತ್ತು. ಕಸದ ತೊಟ್ಟಿ ಬಗೆದರು, ಒಡೆದ ಬಾಟಲಿ ಹೆಕ್ಕಿದರು, ಒಬ್ಬ ತೇಲಿ ಬಂದ ಹಳೇ ಬೂಟನ್ನು ಒಂದು ವಾರ ಮನೆಯಲ್ಲಿಟ್ಟುಕೊಂಡು ಪರೀಕ್ಷಿಸಿದ. ಏನೂ ಸಿಗಲಿಲ್ಲ. ಆಟದ ನಿಯಮದಂತೆ, ಮೂರು ವರ್ಷ ಯಾರಿಗೂ ಸಿಗದ ಡಬ್ಬಿ ಊರಿನ ಡಬ್ಬಿಗಳ ಪಟ್ಟಿಯಿಂದ ಹೊರಕ್ಕೆ. ಪಟ್ಟಿ ಅಂಚೆಯಕ್ಕನ ಕೈಯಲ್ಲಿತ್ತು. ಗಡುವು ಮುಗಿಯುವುದು ಒಂದು ಭಾನುವಾರ ಸಂಜೆ ಐದಕ್ಕೆ.

ಅವತ್ತು ಮಧ್ಯಾಹ್ನವೇ ಅಂಚೆಯಕ್ಕ ಸೈಕಲ್ಲನ್ನು ಕೆಂಪು ಬಾಗಿಲಿಗೆ ಒರಗಿಸಿ ಒಳಗೆ ಬಂದಳು. ಬೀದಿಯವರು ಲೇತಕ್ಕ ಎಂದು ಕರೆಯುವ, ಮಾವನ ಅಕ್ಕನ ಮಗಳು ರಜೆಯಲ್ಲೂ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದಳು. ಮಾವ ಸ್ಟೂಲಿನ ಮೇಲೆ ಕುಳಿತು ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದ.

“ಮಾವಯ್ಯಾ, ಈಗ್ಲಾದ್ರೂ ಒಪ್ಕೊಳ್ಳಿ. ಡಬ್ಬಿ ಇಟ್ಟಿಲ್ಲ ತಾನೇ?”

“ಇಟ್ಟಿದೀನಮ್ಮ.”

“ಎಲ್ಲಿ?”

“ಹೇಳಿದ್ರೆ ಅದು ಆಟ ಹೇಗಾಗುತ್ತೆ? ಪಾಠ ಆಗುತ್ತೆ.”

“ನೋಡಿ, ಪಟ್ಟೀಲಿ ಏನಂತ ಬರೀಬೇಕು ಗೊತ್ತಾ? ‘ಇಟ್ಟೇ ಇರಲಿಲ್ಲ’ ಅಂತ. ಆಮೇಲೆ ಜನ ಆ ಹಕ್ಕಿ ಕಥೇನೂ ಬುರುಡೆ ಅಂತಾರೆ, ನಲ್ಲಿ ಕಥೇನೂ ಬುರುಡೆ ಅಂತಾರೆ.”

“ನಲ್ಲೀನ ನೀನೇ ತಿರುಗಿಸಿದ್ಯಲ್ಲಮ್ಮ!”

“ಅದೇ ನನಗೂ ಹೊಟ್ಟೆ ಉರಿಯೋದು!” ಎಂದಳು ಅಂಚೆಯಕ್ಕ. ಅವಳ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು.

ಮಾವ ನಕ್ಕು ಚಹಾ ಕುಡಿದ. ಆದರೆ ಲೋಟ ಕೆಳಗಿಡುವಾಗ ಅವನ ಕೈ ಸ್ವಲ್ಪ ತಡೆದದ್ದನ್ನು ಲೇತಕ್ಕ ನೋಡಿದಳು. ಮಾವನ ಬಾಯಿಂದ ಬಂದದ್ದನ್ನೆಲ್ಲ ಚಿಕ್ಕಂದಿನಿಂದ ಕಣ್ಣು ಮುಚ್ಚಿ ನಂಬಿದವಳು ಅವಳು. ಈ ಮೂರು ವರ್ಷದಲ್ಲಿ ಮಾತ್ರ ಒಳಗೊಳಗೇ ಒಂದು ಅಳುಕು. ವಯಸ್ಸಾಯಿತು; ಇಟ್ಟೆನೆಂದು ಅಂದುಕೊಂಡು ಇಡುವುದನ್ನೇ ಮರೆತಿರಬಹುದೇ? ಆಗಿನಿಂದಲೇ ಅವನದೊಂದು ವಿಚಿತ್ರ ಬೇರೆ. ದಿನಾ ಸಂಜೆ ನಾಲ್ಕಕ್ಕೆ, ಗಡಿಯಾರ ಬಡಿದ ಕೂಡಲೇ, ಬಾಗಿಲಿಗೆ ಹೋಗಿ ಕೆಂಪು ಒರೆಸುಬಟ್ಟೆಯನ್ನು ಹತ್ತು ಸಲ ಕೊಡವಿ ಬರುತ್ತಿದ್ದ. ಏಕೆಂದು ಕೇಳಿದರೆ ಧೂಳು ಎನ್ನುತ್ತಿದ್ದ. ಈಗಷ್ಟೇ ಒಗೆದ ಬಟ್ಟೆಯನ್ನೂ ಕೊಡವುತ್ತಿದ್ದ.

ಲೇತಕ್ಕ ಗೋಡೆಯಿಂದ ಮೊಳದುದ್ದದ ಸ್ಪ್ಯಾನರು ತೆಗೆದುಕೊಂಡಳು.

“ನಡೀರಿ ಅಂಚೆಯಕ್ಕ. ಐದರವರೆಗೂ ಟೈಮಿದೆ.”

“ಸ್ಪ್ಯಾನರ್ ಯಾಕೆ? ನನ್ನ ತಲೆಗಾ?”

“ಮೊದಲು ಸೇತುವೆಗೆ. ಆಮೇಲೆ ನೋಡೋಣ.”

ಸೇತುವೆಯ ಕಟಕಟೆಗೆ ಇಪ್ಪತ್ತು ಕಂಬ, ಕಂಬಕ್ಕೆರಡು ಬೋಲ್ಟು. ಗೇಣುದ್ದದ, ಮುಂಗೈ ದಪ್ಪದ ಬೋಲ್ಟುಗಳು. ತಲೆ ಊರಿನ ಕಡೆಗೆ, ಬಾಲ ನಡೆಯುವವರ ಕಡೆಗೆ. ಬಾಲದ ಮೇಲೆ ಟೋಪಿಯಂತೆ ಕವಿದು ಕೂರುವ ನಟ್ಟು. ಎಲ್ಲವೂ ಇಪ್ಪತ್ತೆರಡು ವರ್ಷದ ಹಿಂದೆ ಮಾವನ ವರ್ಕ್‌ಶಾಪಿನಲ್ಲೇ ಹುಟ್ಟಿದವು. ಡಬ್ಬಿ ಹುಡುಕಲು ಬಂದವರೆಲ್ಲ ಅವನ್ನು ಕೈಯಿಂದ ಎಡಕ್ಕೆ ತಿರುಗಿಸಿ ನೋಡಿದ್ದರು. ಸಡಿಲವಾದದ್ದು ಒಂದೂ ಇಲ್ಲ. ಲೇತಕ್ಕನೂ ನೋಡಿ ಬಿಟ್ಟಿದ್ದಳು. ಬಿಗಿಯಾಗಿ ಕೂತ ನಟ್ಟು ಅಸಲಿ ನಟ್ಟು. ಈ ಕಸುಬಿನವರ ಲೆಕ್ಕವೇ ಅದು.

ಇವತ್ತು ಸ್ಪ್ಯಾನರು ಹಾಕಿ ಒಂದೊಂದನ್ನೇ ಎಡಕ್ಕೆ ಎಳೆದಳು. ಪ್ರತಿಯೊಂದೂ ‘ಕಟಕ್’ ಎಂದು ಕೂದಲೆಳೆಯಷ್ಟು ಬಿಟ್ಟುಕೊಡುತ್ತಿತ್ತು. ಮತ್ತೆ ಬಲಕ್ಕೆ ಬಿಗಿ ಮಾಡಿ ಮುಂದಕ್ಕೆ. ಅಂಚೆಯಕ್ಕ ಎಣಿಸುತ್ತಾ ಬಂದಳು.

“ಮೂವತ್ತೊಂಬತ್ತು... ನಲವತ್ತು... ಇನ್ನಿದೊಂದು ಉಳೀತು, ನಲವತ್ತೊಂದು. ಅಲ್ಲಿಗೆ ಮುಗೀತು. ಕೈಗೆ ಗುಳ್ಳೆ ಬಂದಿದ್ದೇ ಲಾಭ.”

“ಎಷ್ಟು ಅಂದ್ರಿ?”

“ನಲವತ್ತೊಂದು. ಯಾಕೆ?”

“ನಾವು ಮಾಡಿದ್ದು ನಲವತ್ತೇ.”

ಇಬ್ಬರೂ ಕೊನೆಯ ಕಂಬದ ಕಡೆ ತಿರುಗಿದರು. ಅದರಲ್ಲಿ ಎರಡರ ಜಾಗದಲ್ಲಿ ಮೂರು ಟೋಪಿ. ಅದೇ ಬಣ್ಣ, ಅದೇ ತುಕ್ಕು. ಮೂರು ವರ್ಷ ಊರೇ ಓಡಾಡಿದರೂ ಎಣಿಸಿದವರಿಲ್ಲ.

ಲೇತಕ್ಕ ಉಳಿದಿದ್ದ ಆ ಮೂರನೆಯದಕ್ಕೆ ಸ್ಪ್ಯಾನರು ಹಾಕಿ ಎಡಕ್ಕೆ ಎಳೆದಳು. ‘ಕಟಕ್’ ಎನ್ನಲಿಲ್ಲ. ‘ಕೀಂ’ ಎಂದಿತು. ಅದು ಸಡಿಲವಾಗುವ ಸದ್ದಲ್ಲ. ಇನ್ನೂ ಕಚ್ಚಿಕೊಳ್ಳುವ ಸದ್ದು. ಬಿಚ್ಚಲು ತಿರುಗಿಸಿದರೆ ಬಿಗಿಯಾಗುತ್ತಿದೆ! ಹಾಗಾದರೆ ಮೂರು ವರ್ಷ, ಹುಡುಕಿದ ಪ್ರತಿಯೊಬ್ಬನೂ ತನ್ನ ಕೈಯಾರೆ ಇದನ್ನು ಬಿಗಿ ಮಾಡಿ ಹೋಗಿದ್ದಾನೆ.

“ಅಯ್ಯೋ ಮಾವಾ,” ಎಂದು ಅವಳು ಸೇತುವೆಯ ಮೇಲೇ ಕುಳಿತುಬಿಟ್ಟಳು.

“ಏನಾಯ್ತು ಕಣೇ? ಕೈ ಉಳುಕಿತಾ?”

“ಇದು ನಂದು ಅಂಚೆಯಕ್ಕ. ನಾನು ಬಿಸಾಕಿದ್ದು.”

ಅವಳಿಗೆ ಆಗ ಹದಿನೆಂಟು. ಲೇತಿನ ಮುಂದೆ ನಿಂತ ಮೊದಲ ದಿನ. ಸೇತುವೆಯ ಬೋಲ್ಟೊಂದನ್ನು ಮಾವ ಅವಳ ಕೈಗೆ ಕೊಟ್ಟಿದ್ದ. ಗಾಬರಿಯಲ್ಲಿ ಯಂತ್ರದ ಹಿಡಿಯನ್ನು ತಪ್ಪು ದಿಕ್ಕಿಗೆ ಹಾಕಿ, ಬೋಲ್ಟಿನ ಸುರುಳಿ ಗೆರೆಯನ್ನು, ಅಂದರೆ ಥ್ರೆಡ್ಡನ್ನು, ಉಲ್ಟಾ ಕೊರೆದಿದ್ದಳು: ಬಲಕ್ಕೆ ಸುತ್ತಬೇಕಾದದ್ದು ಎಡಕ್ಕೆ ಸುತ್ತಿತ್ತು. ಲೋಕದ ಯಾವ ನಟ್ಟೂ ಅದಕ್ಕೆ ಕೂರುವಂತಿರಲಿಲ್ಲ. ಅತ್ತುಕೊಂಡೇ ಗುಜರಿ ಡಬ್ಬಕ್ಕೆ ಎಸೆದಿದ್ದಳು. ಮಾವ ಬೈದಿರಲಿಲ್ಲ, ಇನ್ನೊಂದು ಸರಳು ಕೊಟ್ಟಿದ್ದ, ಅಷ್ಟೇ. ಅದನ್ನು ಡಬ್ಬದಿಂದ ಎತ್ತಿ ಇಷ್ಟು ವರ್ಷ ಎಲ್ಲಿಟ್ಟಿದ್ದನೋ! ಅವಳ ತಪ್ಪಿಗೆ ಸರಿಹೊಂದುವಂಥ ನಟ್ಟನ್ನು, ಅದೇ ತಪ್ಪು ದಿಕ್ಕಿನಲ್ಲಿ, ತಾನೇ ಕೊರೆದಿದ್ದ.

ಬಲಕ್ಕೆ ತಿರುಗಿಸಲು ಇಬ್ಬರ ಬಲವೂ ಬೇಕಾಯಿತು. ಊರಿನ ಬಿಗಿಯೆಲ್ಲ ಅದರಲ್ಲಿತ್ತಲ್ಲ! ಟೋಪಿ ಕಳಚಿ ಬಂತು. ಒಳಗೆ ಬೋಲ್ಟು ಟೊಳ್ಳು. ಎರಡು ಬೆರಳು ಆಳದಲ್ಲಿ ಎಣ್ಣೆ ಹಚ್ಚಿದ ತೆಳ್ಳನೆ ಕಾಗದ, ತಮಟೆಯ ಚರ್ಮದಂತೆ ಬಿಗಿದು ಕೂತಿತ್ತು. ಪಕ್ಕದಲ್ಲಿ ಬೆಂಕಿಕಡ್ಡಿಯಷ್ಟು ದೊಡ್ಡ ಪೆನ್ಸಿಲು.

“ಬರೀ ಪೇಪರ್ರು!” ಎಂದಳು ಅಂಚೆಯಕ್ಕ. “ದೊಡ್ಡದು, ದೊಡ್ಡದು ಅಂತ ಬರೆದ್ರಲ್ಲ, ಇದೇನಾ?”

ಲೇತಕ್ಕ ಬಗ್ಗಿ ನೋಡಿದಳು. ತನ್ನ ನೆರಳು ಬಿದ್ದ ಕಡೆ ಕಾಗದದ ಮೇಲೆ ಏನೋ ಹರಿದಾಡಿತು. ಇರುವೆಯೆಂದು ಊದಿದಳು, ಹೋಗಲಿಲ್ಲ. ಕೆಲಸದ ಕೋಟು ಬಿಚ್ಚಿ, ತಲೆಯ ಮೇಲಿಂದ ಕಂಬದವರೆಗೆ ಹೊದ್ದು, ಕತ್ತಲು ಮಾಡಿಕೊಂಡು ಕಣ್ಣಿಟ್ಟಳು.

ಎರಡೂ ಕೈಯಿಂದ ಕಂಬವನ್ನು ಹಿಡಿದುಕೊಂಡಳು.

ಕಾಗದದ ಮೇಲೆ ಊರಿತ್ತು. ಚಿತ್ರವಲ್ಲ, ಊರು! ಬಣ್ಣ ಬಣ್ಣದ, ಜೀವಂತ ಊರು, ನಾಣ್ಯದಗಲದ ಜಾಗದಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಮೇಲೆ ಹೊಳೆ ಮಿಣಮಿಣ ಹರಿಯುತ್ತಿತ್ತು, ಒಂದು ಹನಿಯೂ ಕೆಳಗೆ ಬೀಳದೆ. ಅದರಿಂದ ಮನೆಗಳು ಇಳಿಬಿದ್ದಿದ್ದವು. ಸಾಸಿವೆಯಷ್ಟು ಜನ ತಲೆಯ ಮೇಲೆ ನಡೆಯುತ್ತಿದ್ದರು. ಒಂದು ಸೈಕಲ್ಲು ಆಕಾಶಕ್ಕೆ ಬೀಳದೆ ಹಾದುಹೋಯಿತು. ಕೆಳಗೆ, ಕಾಗದದ ತಳದಲ್ಲಿ ನೀಲಿ ಬಾನು; ಅದರಲ್ಲಿ ಒಂದು ಮೋಡ, ಯಾವ ಅವಸರವೂ ಇಲ್ಲದೆ. ಒಂದಿಷ್ಟೂ ಸದ್ದಿಲ್ಲ. ತಾನು ನಲವತ್ತು ವರ್ಷ ಓಡಾಡಿದ ಊರು ಇಷ್ಟು ಚೆಂದವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬೋಲ್ಟಿನ ಆ ತುದಿಯಲ್ಲಿ, ಊರಿನ ಕಡೆಗಿನ ತಲೆಯ ತೂತಿನಲ್ಲಿ, ಮಾವನ ಹಳೇ ಕನ್ನಡಕದ ಗಾಜಿದೆ, ಅದು ಕ್ಯಾಮೆರಾದ ಹಾಗೆ ಹೊರಗಿನ ಊರನ್ನು ಕಾಗದದ ಮೇಲೆ ಬೀಳಿಸುತ್ತಿದೆಯೆಂದು ಅವಳಿಗೆ ಹೊಳೆಯಿತು. ಮೊಳೆಗೆ ನೇತುಹಾಕಿದ್ದ ಆ ಕನ್ನಡಕ ಮೂರು ವರ್ಷದಿಂದ ಒಕ್ಕಣ್ಣಾಗಿತ್ತು.

ಊರಿನ ಗಡಿಯಾರ ನಾಲ್ಕು ಬಡಿಯಿತು.

ಕಾಗದದ ನಟ್ಟನಡುವೆ ಒಂದು ಕೆಂಪು ಚುಕ್ಕೆ ಇತ್ತು, ವರ್ಕ್‌ಶಾಪಿನ ಬಾಗಿಲು. ಅದರಿಂದ ಒಂದು ಕಪ್ಪು ಚುಕ್ಕೆ ಹೊರಬಂತು. ಚುಕ್ಕೆಯ ಕೈಯಲ್ಲಿ ಇನ್ನೊಂದು ಕೆಂಪು. ಅದು ಬೀಸಿತು. ಒಂದು, ಎರಡು, ಮೂರು...

“ಅಂಚೆಯಕ್ಕ,” ಎಂದಳು ಕೋಟಿನೊಳಗಿಂದ. “ಬನ್ನಿ. ಬೇಗ ಬನ್ನಿ.”

ಅಂಚೆಯಕ್ಕ ತಲೆ ತೂರಿಸಿದಳು. ಇಬ್ಬರ ಕೆನ್ನೆಗಳೂ ತಾಗಿದವು. ಏಳು, ಎಂಟು. ಊರಲ್ಲಿ ಯಾರ ಬಾಯಿಗೂ ಹೆದರದ ಅಂಚೆಯಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು.

“ಯಾರಿಗೆ ಟಾಟಾ ಮಾಡ್ತಿದಾರೆ ಮಾವಯ್ಯ?” ಎಂದು ಪಿಸುಗುಟ್ಟಿದಳು.

“ನಮಗೆ.”

ಒಂಬತ್ತು, ಹತ್ತು. ಚುಕ್ಕೆ ಬಾಗಿಲೊಳಗೆ ಹೋಯಿತು.

ಹೆಸರು ಬರೆಯಬೇಕಿತ್ತು. ಕಾಗದ ಅದೊಂದೇ. ಲೇತಕ್ಕ ಪೆನ್ಸಿಲು ಹಿಡಿದು, ಹೊಳೆ ಕದಡದಂತೆ, ಯಾರನ್ನೂ ಚುಚ್ಚದಂತೆ, ಬಾನಿನ ಒಂದು ಮೂಲೆಯಲ್ಲಿ ಬರೆದಳು. ಮೋಡ ಬಂದು ಅವಳ ಹೆಸರನ್ನು ಹಾಯ್ದು ಹೋಯಿತು. ಅಂಚೆಯಕ್ಕ ತನ್ನದನ್ನು ಅದರ ಪಕ್ಕ ಬರೆದು, ಹೊರಬಂದು, ಕಣ್ಣೊರೆಸಿಕೊಂಡು, ಪಟ್ಟಿ ತೆಗೆದು ‘ಇದೆ’ ಎಂದು ಬರೆದಳು. ಸಾಲದೆನಿಸಿ, ಕೆಳಗೆ ಎರಡು ಗೆರೆ ಎಳೆದಳು.

ಟೋಪಿಯನ್ನು ಎಡಕ್ಕೆ ತಿರುಗಿಸಿ ಬಿಗಿಮಾಡಿ ಇಬ್ಬರೂ ವರ್ಕ್‌ಶಾಪಿಗೆ ಬಂದಾಗ ಮಾವ ಬಟ್ಟೆ ಮಡಚುತ್ತಿದ್ದ. ಅವರ ಮುಖ ನೋಡಿದ. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದ.

“ಇವತ್ತೇ ನೋಡ್ತೀವಿ ಅಂತ ನಿಂಗೆ ಹೇಗೆ ಗೊತ್ತಾಯ್ತು ಮಾವ?” ಎಂದಳು ಲೇತಕ್ಕ.

“ಗೊತ್ತಿರ್ಲಿಲ್ಲ ಕಣೇ. ಅದಕ್ಕೇ ದಿನಾ ಬೀಸ್ತಿದ್ದೆ.” ಆಮೇಲೆ, ನಾಚಿದವನಂತೆ, “ನಾನು ಹೇಗೆ ಕಂಡೆ?”

“ತಲೆಕೆಳಗಾಗಿ,” ಎಂದಳು ಅಂಚೆಯಕ್ಕ.

“ಹಂಗಾದ್ರೆ ಸರಿಯಾಗೇ ಕಂಡಿದೀನಿ ಬಿಡು.”

ಮರುದಿನ ಅಂಚೆಯಕ್ಕ ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸೇತುವೆಗೆ ಕರೆದೊಯ್ದಳು. ಗಾಜು ಕೂರಿಸಿದ ದಿನ ನೋಡಿದ್ದು ಬಿಟ್ಟರೆ ಅವನು ಮತ್ತೆ ಕಣ್ಣಿಟ್ಟಿರಲಿಲ್ಲ. ನಾಲ್ಕು ಗಂಟೆಗೆ ಅವನು ಬೀಸುವ ಬದಿಯಲ್ಲಿ, ಕೆಂಪು ಬಾಗಿಲಲ್ಲಿರಬೇಕಿತ್ತಲ್ಲ. ಗಡಿಯಾರ ಬಡಿದಾಗ ಲೇತಕ್ಕ ಯಂತ್ರ ನಿಲ್ಲಿಸಿ, ಕೆಂಪು ಬಟ್ಟೆ ಹಿಡಿದು ಬಾಗಿಲಿಗೆ ಬಂದಳು. ದೂರದ ಸೇತುವೆ ಕೂದಲೆಳೆಯಂತೆ ಕಾಣುತ್ತಿತ್ತು. ಅಲ್ಲಿ ಯಾರಿದ್ದಾರೆ, ಕಣ್ಣು ಬೋಲ್ಟಿಗೆ ತಲುಪಿದೆಯೇ, ಏನೂ ತಿಳಿಯದು. ಹತ್ತು ಸಲ ಬೀಸಿದಳು. ಮಾವ ಮುದುಕ, ಬಗ್ಗುವುದು ತಡವಾದೀತೆಂದು ಇನ್ನೂ ಹತ್ತು ಸಲ ಬೀಸಿದಳು. ಎದುರು ಮನೆಯವಳು ಕಿಟಕಿಯಿಂದ, “ಏನ್ರೀ, ನಿಮಗೂ ಶುರುವಾಯ್ತಾ?” ಎಂದಳು.

“ಧೂಳು ಕಣ್ರೀ,” ಎಂದು ಲೇತಕ್ಕ ಬೀಸುತ್ತಲೇ ಇದ್ದಳು.