ಯಜಮಾನರ ಹೆಸರು

ಮೇಜಿನ ಮೇಲೆ ಪ್ಲಾಸ್ಟಿಕ್ ಗುಲಾಬಿ, ಥೂ, ಇದಕ್ಕಿಂತ ಹೂದಾನಿ ಖಾಲಿ ಇಡಬಾರದೆ, ಇಂದಿರಾನಗರದಲ್ಲಿ ಇಷ್ಟು ದೊಡ್ಡ ಆಸ್ಪತ್ರೆ ಕಟ್ಟಿದವರಿಗೆ ಒಂದು ಮೊಳ ಕಾಕಡ ಹೂವಿಗೆ ಗತಿಯಿಲ್ಲವೆ, ಎಂದುಕೊಳ್ಳುತ್ತಿದ್ದಾಳೆ ಗೋವಿಂದಮ್ಮ — ಎದುರಿನ ಡಾಕ್ಟರಮ್ಮ ಕೇಳಿದ್ದು ಇಷ್ಟೆ, ಯಜಮಾನ್ರ ಹೆಸರೇನಮ್ಮಾ. ಕೇಳುವ ಮಾತೆ ಇದು, ಹ್ಯಾಂಡಲ್ಲಿಗೆ ಕೆಂಪು ಟವೆಲ್ ಸುತ್ತಿದ ಅವರ ಸೈಕಲ್ಲು ಕಣ್ಣ ಮುಂದೆ ಹಾದುಹೋಯಿತು, ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಮ್ಮಿಯಾಗುತ್ತದೆ ಅಂತ ಹಿರಿಯರು ಕಲಿಸಿದ್ದು, ಒಮ್ಮೆಯೂ ಹೇಳಲಿಲ್ಲ, ಆದರೂ ಅವರೇನು ಉಳಿದರೆ, ರೇಷನ್ ಕಾರ್ಡಿನವರು ಬಂದಾಗ ಲೇ ಮುನಿರಾಜು, ನಿಮ್ಮಪ್ಪನ ಹೆಸ್ರು ಹೇಳೋ ಅಂತ ಮಗನನ್ನು ಮುಂದೆ ತಳ್ಳುತ್ತಿದ್ದಳು, ಚಡ್ಡಿ ಎಳೆದುಕೊಂಡು ಕೂಗಿ ಹೇಳುತ್ತಿದ್ದ, ಈಗಲೂ ಪಕ್ಕದಲ್ಲೇ ಕೂತಿದ್ದಾನೆ, ತಲೆ ನರೆತಿದೆ, ಬಾಯಿ ತೆರೆದ — ನೀವು ಹೇಳ್ಬೇಡಿ ಸರ್, ಅವರೇ ಹೇಳ್ಲಿ.

ಇಷ್ಟೆಲ್ಲ ರಾದ್ಧಾಂತಕ್ಕೆ ಆದದ್ದಾದರೂ ಏನು, ಹಲಸೂರು ಸೋಮೇಶ್ವರನ ಗುಡಿ ಮುಂದೆ ಹೂ ಕಟ್ಟುತ್ತಿದ್ದಳು, ಒಬ್ಬಳು ಎದುರು ಬಂದು ನಿಂತಳು, ಏನ್ ಕೊಡ್ಲಮ್ಮ, ಮಲ್ಲಿಗೆನಾ ಕನಕಾಂಬರನಾ ಅಂದಳು, ಅತ್ತೆ, ನಾನು ಭಾಗ್ಯ ಕಣತ್ತೆ, ಸೊಸೆ ಊಟದ ಕ್ಯಾರಿಯರ್ ಅಲ್ಲೇ ಇಟ್ಟು ಅಳುತ್ತ ಹೋದಳು. ಅವತ್ತಿನಿಂದ ಮುನಿರಾಜುದು ಒಂದೇ ರಾಗ, ಡಾಕ್ಟ್ರು ಸರಿ ಇದೀಯ ಅಂದ್ರೆ ಅಂಗಡಿ, ಇಲ್ದಿದ್ರೆ ಮನೇಲಿ ಕೂತ್ಕೊ. ಕೂತುಕೊಳ್ಳಬೇಕಂತೆ, ಕೆ.ಆರ್. ಪುರದ ಮಗನ ಮಹಡಿ ಮನೆಯಲ್ಲಿ, ಟಿವಿ ಮುಂದೆ, ಬಾಗಿಲು ಹಾಕಿಕೊಂಡು. ಸತ್ತರೂ ಇಲ್ಲ. ಹೂ ಮಾರುವವಳಿಗೆ ಮುಖ ಯಾಕೆ ಬೇಕು, ಯಾವ ಗಿರಾಕಿಯ ಹೆಸರು ಯಾವ ಕಾಲಕ್ಕೆ ಗೊತ್ತಿತ್ತು, ಮರುಗದ ಮೇಡಮ್ಮು, ಸೇವಂತಿಗೆ ಪೊಲೀಸು, ಶುಕ್ರವಾರದ ಉದ್ದಜಡೆ, ಬೆರಳು ಗಂಟು ಮರೆತ ದಿನ ತಾನೇ ಬುಟ್ಟಿ ಎತ್ತಿಕೊಂಡು ಎದ್ದು ಬರುತ್ತಾಳೆ, ಯಾರೂ ಹೇಳಬೇಕಾಗಿಲ್ಲ.

ನಿಧಾನಕ್ಕೆ ಯೋಚ್ನೆ ಮಾಡಿ ಹೇಳಿ ಅಮ್ಮಾ. ಯೋಚ್ನೆ ಯಾಕೆ, ಹೇಳಲ್ಲ, ನಮ್ಮಲ್ಲಿ ಪದ್ಧತಿ ಇಲ್ಲ ಮೇಡಮ್. ಮಗನ ಆಚೆ ಕೂತಿದ್ದ ಭಾಗ್ಯ ಮುಂದೆ ಬಾಗಿದಳು, ಹೌದು ಡಾಕ್ಟ್ರೇ, ಅತ್ತೆ ಯಾವತ್ತೂ ಹೇಳ್ದೋರಲ್ಲ. ಗೆದ್ದೆ, ಅಂದುಕೊಂಡಳು ಗೋವಿಂದಮ್ಮ, ಹೇಳುವುದು ಬೇರೆ, ಗೊತ್ತಿರುವುದು ಬೇರೆ, ಬಾಯಲ್ಲಿ ಬೇಡ, ಮನಸ್ಸಿನೊಳಗೆ ಒಮ್ಮೆ ನೋಡಿಕೊಂಡುಬಿಡೋಣ — ಇಲ್ಲ. ಮತ್ತೆ ನೋಡಿದಳು. ಸೈಕಲ್ ಇದೆ, ಕೆಂಪು ಟವೆಲ್ ಇದೆ, ಹಳೇ ಮದ್ರಾಸು ರಸ್ತೆಯಲ್ಲಿ ಫ್ಯಾಕ್ಟರಿಗೆ ಹೊರಟ ಬೆನ್ನು ಇದೆ, ಮುಖವಿಲ್ಲ, ಹೆಸರಿಲ್ಲ. ಹೆದರಿದರೆ ಮನೆಯಲ್ಲಿ ಕೂರಿಸಿಬಿಡುತ್ತಾರೆ. ಹೆಸರು ಹಿಡಿದು ಅವರನ್ನು ಯಾವತ್ತು ಕರೆದಿದ್ದಾಳೆ, ಬುತ್ತಿ ಮರೆತು ಹೊರಟರೆ ಬಾಗಿಲಲ್ಲಿ ನಿಂತು ಬಳೆ ಆಡಿಸುತ್ತಿದ್ದಳು, ಆ ಸದ್ದಿಗೆ ಅಷ್ಟು ದೂರದಿಂದಲೂ ತಿರುಗುತ್ತಿದ್ದರು, ಅವರು ಹೋದಾಗ ಬಳೆ ಒಡೆಯಲು ಬಂದ ಹೆಂಗಸರಿಗೆ ಕೈ ಮುಟ್ಟಿದ್ರೆ ನೋಡ್ರಿ ಅಂದಿದ್ದಳು, ಹಸಿರು ಗಾಜು ಕೈತುಂಬ ಇದೆ ಇನ್ನೂ. ಕೈ ಎತ್ತಿ ಆಡಿಸುತ್ತಾಳೆ. ಅವ್ವಾ, ಏನ್ ಮಾಡ್ತಿದೀಯ. ಸುಮ್ನಿರೋ. ಇನ್ನೊಮ್ಮೆ, ಜೋರಾಗಿ, ಸೈಕಲ್ ನಿಂತಿತು, ಒಂದು ಕಾಲು ನೆಲಕ್ಕೂರಿತು, ತಿರುಗಿ, ತಿರುಗಿ ಅಂದ್ರೆ, ಬಳೆ ಆಡಿಸುತ್ತಲೇ ಇದ್ದಾಳೆ, ಕೆಂಪು ಟವೆಲ್, ನೆಲದ ಮೇಲೆ ಒಂದು ಕಾಲು, ಬೆನ್ನು.